ತಿಪ್ಪಮ್ಮನ ಸುತ್ತು

ಜೋಗಿಮಟ್ಟಿಯ ಮೇಲೆ ಗಾಳಿ ಬಿದ್ದುಹೋದ ರಾತ್ರಿ.
ಮೂರು ರೆಕ್ಕೆಗಳೂ ನಿಂತಲ್ಲೇ ತೂಕಡಿಸುತ್ತಿದ್ದವು,
ಮೀಟರಿನ ಮುಳ್ಳು ಸೊನ್ನೆಗೆ ಒರಗಿತ್ತು.
ನನ್ನ ಪಾಳಿ ಹತ್ತರಿಂದ ಆರು.
ಫ್ಲಾಸ್ಕಿನ ತಳದ ಚಹಾ, ಮೂಲೆ ಒಡೆದ ಲ್ಯಾಪ್‌ಟಾಪು,
ಅದರೊಳಗೆ ಯಾವುದೋ ದೇಶದ ದುರ್ಬೀನು ತೆಗೆದ
ನಾಲ್ಕು ಚಿತ್ರ. ಒಂದೇ ಆಕಾಶ, ಇಪ್ಪತ್ತು ನಿಮಿಷಕ್ಕೊಂದು.

ತಿರುವಿದೆ, ಮತ್ತೆ ತಿರುವಿದೆ.
ನಕ್ಷತ್ರಗಳು ಕೂತಲ್ಲೇ ಕೂತಿದ್ದವು.
ಒಂದು ಮಾತ್ರ,
ಅಕ್ಕಿಯಲ್ಲಿ ಹುಳು ಸರಿದಂತೆ,
ಒಂದೆಳೆ ಎಡಕ್ಕೆ; ಇನ್ನೊಂದೆಳೆ; ಇನ್ನೊಂದು.
ಕಣ್ಣುಜ್ಜಿ ನೋಡಿದೆ. ಪರದೆ ಒರೆಸಿ ನೋಡಿದೆ.
ಧೂಳಲ್ಲ. ಧೂಳಿಗೆ ಅಷ್ಟು ನೇರ ನಡೆಯಲು ಬರುವುದಿಲ್ಲ.
ಏಳು ಸುತ್ತಿನ ಕೋಟೆಯ ಊರು ನಮ್ಮದು;
ಇಲ್ಲಿ ಸುತ್ತು ಅಂದರೆ ಕಲ್ಲು, ನಿಂತ ಕಲ್ಲು.
ನಡೆಯುವ ಕಲ್ಲು ಕಂಡದ್ದು ಅದೇ ಮೊದಲು.

ಬರೆದು ಕಳಿಸಿದೆ. ಉತ್ತರವಾಗಿ ಬಂತು
ಒಂದು ಇಸವಿ, ಎರಡಕ್ಷರ, ಒಂದು ಅಂಕಿ,
ಆಸ್ಪತ್ರೆಯಲ್ಲಿ ಕೂಸಿನ ಕಾಲಿಗೆ ಕಟ್ಟುವ ಚೀಟಿಯಂಥದು.
ಹೆಸರಿಡಲು ಕಾಯಬೇಕಂತೆ:
ಸೂರ್ಯನ ಹಿಂದೆ ಮರೆಯಾಗಿ, ಮತ್ತೆ ಬಂದು,
ಮತ್ತೆ ಮರೆಯಾಗಿ, ಮತ್ತೆ ಬಂದು,
ಹೇಳಿದ ದಿನ ಹೇಳಿದ ಜಾಗದಲ್ಲಿ ಸಿಗಬೇಕಂತೆ.
ಒಂಬತ್ತು ವರ್ಷ. ಅಷ್ಟರಲ್ಲಿ
ಏಳನೇ ನಂಬರಿನ ಗೇರ್‌ಬಾಕ್ಸು ಎರಡು ಸಲ ಹೋಯಿತು,
ನನಗೆ ಕನ್ನಡಕ ಬಂತು.
ಆಮೇಲೊಂದು ದಿನ ಆರಂಕಿಯ ಸಂಖ್ಯೆ, ಜೊತೆಗೆ ಪ್ರಶ್ನೆ:
ಏನೆಂದು ಕರೆಯುತ್ತೀರಿ?
ಹದಿನಾರು ಅಕ್ಷರ ಮೀರಬಾರದು.
ಸಾಕಿದ ನಾಯಿಯ ಹೆಸರು ಬೇಡ, ಮಾರುವ ಸರಕಿನ ಹೆಸರು ಬೇಡ.

ಹೆಸರೊಂದು ನಮ್ಮ ಮನೆಯಲ್ಲಿ ಖಾಲಿ ಬಿದ್ದಿತ್ತು.

ಅಕ್ಕನಿಗಿಂತ ಮುಂಚಿನ ಮೂರು ಉಳಿಯಲಿಲ್ಲ.
ನಾಲ್ಕನೆಯದನ್ನು, ಹೊಕ್ಕುಳು ಒಣಗುವ ಮೊದಲೇ,
ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ
ಅವ್ವ ಬೆನ್ನು ತಿರುಗಿಸಿ ನಡೆದಳು;
ಸೋದರತ್ತೆ ಒಂದು ಮೊರ ತೌಡು ಕೊಟ್ಟು ಕೊಂಡು ತಂದಳು.
ಕಸಕ್ಕೆ ಯಾವ ಸಾವು ಆಸೆಪಡುತ್ತದೆ?
ತಿಪ್ಪಮ್ಮ ಅಂದರು. ಬದುಕಿದಳು.
ನಾನು ಆಮೇಲೆ ಬಂದವನು, ನನಗೆ ದೇವರ ಹೆಸರೇ ಸಿಕ್ಕಿತು.

ಬದುಕಿದವಳು ದಿನಾ ಹಾಜರಿಯ ಹೊತ್ತಿಗೆ ಸಾಯುತ್ತಿದ್ದಳು.
ಹನ್ನೆರಡರಲ್ಲಿ, ನಕ್ಕ ಹುಡುಗನ ತಲೆಯ ಮೇಲೆ
ಸ್ಲೇಟು ಒಡೆದಳು. ಇಪ್ಪತ್ತಕ್ಕೆ
ನೋಟರಿಯ ಮೊಹರು, ಪತ್ರಿಕೆಯಲ್ಲಿ ಎರಡು ಸಾಲು:
ಇಂದಿನಿಂದ ನಾನು ಪೂರ್ಣಿಮಾ.

ಮಂಗಳನ ಮನೆಗೂ ಗುರುವಿನ ಮನೆಗೂ ನಡುವೆ
ಗ್ರಹವೊಂದನ್ನು ಕಟ್ಟಹೊರಟು, ಗುರು ಕಟ್ಟಗೊಡದೆ,
ಹಾಗೇ ಉಳಿದುಹೋದ ಕಲ್ಲುಮಣ್ಣು.
ಅದು ತಿಪ್ಪೆಯಲ್ಲದೆ ಮತ್ತೇನು?
ಆ ಹೆಸರನ್ನೇ ಬರೆದು ಕಳಿಸಿದೆ. ಒಪ್ಪಿದರು.
ಅವರ ಬಾಯಲ್ಲಿ ಅದು ಟಿಪ್ಪಮಾ.
ನಾಲಿಗೆಯ ತುದಿ ಹಲ್ಲಿಗೆ ತಾಗಬೇಕೆಂದು
ಅಷ್ಟು ದೂರಕ್ಕೆ ಹೇಗೆ ಹೇಳುವುದು.

ಹೊಳಲ್ಕೆರೆ ರಸ್ತೆಯ ಅಂಗಡಿಯಲ್ಲಿ
ಅಕ್ಕನ ಹೊಲಿಗೆ ಮಷೀನು ನಿಂತದ್ದು ಫೋನಿನಲ್ಲಿ ಕೇಳಿಸಿತು.
"ಎಂಬತ್ತು ರೂಪಾಯಿ ಕೊಟ್ಟು ಬಿಸಾಕಿದ್ದೆ ಕಣೋ ಅದನ್ನ.
ಹೆಕ್ಕಿ ತಂದು ಆಕಾಶಕ್ಕೆ ಹಾಕಿದೆಯಲ್ಲ."
ನಾನು ಏನೂ ಅನ್ನಲಿಲ್ಲ.
"ಬೀಳುತ್ತೇನು?"
ಇಲ್ಲ, ಸುತ್ತುತ್ತೆ.
"ಎಷ್ಟು ದಿನಕ್ಕೊಂದು ಸುತ್ತು?"
ನಾಲ್ಕು ವರ್ಷ, ನಾಲ್ಕು ತಿಂಗಳು.
ಆ ಕಡೆ ಬೆರಳು ಮಡಿಚಿದ ಹಾಗಾಯಿತು.
ಈ ಯುಗಾದಿಗೆ ಅವಳಿಗೆ ಐವತ್ತೆರಡು.
"ಹಂಗಾದ್ರೆ ಅಲ್ಲಿ ನಂಗೆ ಹನ್ನೆರಡು."
ಹೂಂ.
"ಸ್ಲೇಟು ಒಡೆದ ವರ್ಷ."
ಹೂಂ.
"ಅಕ್ಕಪಕ್ಕ ಯಾರಿದಾರೆ?"
ಸಿನಿಮಾದಲ್ಲಿ ತೋರಿಸಿದ ಹಾಗೆ ಒತ್ತೊತ್ತಾಗಿಲ್ಲ ಅಕ್ಕಾ,
ಪಕ್ಕದ ಕಲ್ಲಿಗೂ ಲಕ್ಷಗಟ್ಟಲೆ ಮೈಲಿ.
"ಒಳ್ಳೇದಾಯ್ತು ಬಿಡು. ಹಾಜರಿ ಕರೆಯೋರಿಲ್ಲ."

ಫೋನು ಇಡುವ ಮುಂಚೆ, ಮೆಲ್ಲಗೆ:
"ಕಾಗುಣಿತ ಸರಿಯಾಗಿ ಬರೆದಿದೀಯ ತಾನೆ?
ಪಕ್ಕೆ ಪ ಒತ್ತು.
ಮಕ್ಕೆ ಮ ಒತ್ತು."